ಶುಗರ್ ‘ಬಾರ್ಡರಿನಲ್ಲಿದೆ’ ಅಂದರೆ ಏನರ್ಥ?

ಆಶಾ ಕಾರ್ಯಕರ್ತೆ ಜಗಲಿಯಲ್ಲಿ ಕೂತು, ಮೊಬೈಲ್ ಹಿಡಿದು, ವಯಸ್ಸೆಷ್ಟು, ಸೊಂಟದ ಸುತ್ತಳತೆ ಎಷ್ಟು, ಮನೆಯಲ್ಲಿ ಯಾರಿಗಾದರೂ ಶುಗರ್ ಇದೆಯೇ ಎಂದು ಕೇಳಿ ಬರೆದುಕೊಂಡು ಹೋಗುವುದು ಕಾಸರಗೋಡಿನ ಮನೆಗಳಿಗೆ ಈಗ ಹೊಸತಲ್ಲ. ಕೇರಳ ಆರೋಗ್ಯ ಇಲಾಖೆ 2022ರಲ್ಲಿ ತಂದ ‘ಶೈಲಿ’ ಆ್ಯಪ್‌ನ ಸಮೀಕ್ಷೆ ಅದು. 30 ವರ್ಷ ದಾಟಿದವರಿಗೆಲ್ಲ ಆ ಪ್ರಶ್ನೆಗಳು. ಅಂಕ ಹೆಚ್ಚು ಬಂದವರು ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಕೊಟ್ಟು ಬರಬೇಕು. ಹಾಗೆ ಹೋದ ಅನೇಕರಿಗೆ ಸಿಗುವ ಉತ್ತರ ಒಂದೇ: “ಬಾರ್ಡರಿನಲ್ಲಿದೆ. ಅನ್ನ ಕಡಿಮೆ ಮಾಡಿ, ನಡೆಯಿರಿ.”

ರಿಪೋರ್ಟು ಇಂಗ್ಲಿಷಿನಲ್ಲಿ, ಮಾತು ಮಲಯಾಳದಲ್ಲಿ, ಅನ್ನ ಬೇಯುವುದು ನಮ್ಮ ಒಲೆಯಲ್ಲಿ. ಕಡಿಮೆ ಅಂದರೆ ಎಷ್ಟು ಕಡಿಮೆ, ನಡೆಯುವುದು ಯಾವಾಗ, ಎಷ್ಟು ಹೊತ್ತು ಎಂದು ಕೇಳುವಷ್ಟರಲ್ಲಿ ಮುಂದಿನ ಟೋಕನ್ ಕರೆದಾಗಿರುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 11.4 ಮಂದಿಗೆ ಮಧುಮೇಹವಿದೆ, ಇನ್ನೂ ಶೇ. 15.3 ಮಂದಿ ಈ ಬಾರ್ಡರಿನಲ್ಲಿದ್ದಾರೆ. ಕೇರಳದಲ್ಲಿ ಮಧುಮೇಹವೇ ಶೇ. 25.5, ಅಂದರೆ ನಾಲ್ವರಲ್ಲಿ ಒಬ್ಬರಿಗೆ.

ಕಾಗದದಲ್ಲಿರುವ ಅಂಕಿಗಳು

ಬಾರ್ಡರಿಗೆ ವೈದ್ಯರು ಇಟ್ಟ ಹೆಸರು ಪ್ರಿ-ಡಯಾಬಿಟಿಸ್. ಸಕ್ಕರೆ ಸಹಜಕ್ಕಿಂತ ಹೆಚ್ಚು, ಆದರೆ ಕಾಯಿಲೆ ಎನ್ನುವಷ್ಟಿಲ್ಲ. ಅಳೆಯುವುದಕ್ಕೆ ಮೂರು ದಾರಿಗಳಿವೆ.

ಒಂದು, ಬರಿಹೊಟ್ಟೆಯ ಪರೀಕ್ಷೆ. ಕನಿಷ್ಠ ಎಂಟು ಗಂಟೆ ನೀರಲ್ಲದೆ ಬೇರೇನೂ ಹೊಟ್ಟೆಗೆ ಹೋಗಿರಬಾರದು, ಬೆಳಗ್ಗಿನ ಚಾಯ ಕೂಡ. ಒಂದು ಡೆಸಿಲೀಟರ್ ರಕ್ತದಲ್ಲಿ 100 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಸಹಜ, 100ರಿಂದ 125ರ ತನಕ ಬಾರ್ಡರ್, 126 ಮತ್ತು ಮೇಲೆ ಮಧುಮೇಹ. ಇದು ಅಮೆರಿಕದ ಡಯಾಬಿಟಿಸ್ ಸಂಘದ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಬಾರ್ಡರನ್ನು 110ರಿಂದ ಎಣಿಸುತ್ತದೆ. ನಿಮ್ಮ 104ನ್ನು ನೋಡಿ ಒಬ್ಬ ಡಾಕ್ಟರು ಹುಬ್ಬೇರಿಸಿ, ಇನ್ನೊಬ್ಬರು ಏನೂ ಇಲ್ಲ ಎಂದು ಕಳಿಸಿದರೆ ಇಬ್ಬರದೂ ತಪ್ಪಲ್ಲ.

ಎರಡು, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುವುದು. 140ರಿಂದ 199 ಬಾರ್ಡರ್, 200 ಮತ್ತು ಮೇಲೆ ಮಧುಮೇಹ. ಕೆಲವೆಡೆ ಗ್ಲೂಕೋಸಿನ ಬದಲು ಊಟ ಮಾಡಿ ಬನ್ನಿ ಎನ್ನುತ್ತಾರೆ. ಆಗ ಎರಡು ಗಂಟೆ ಎಣಿಸಬೇಕಾದ್ದು ಮೊದಲ ತುತ್ತಿನಿಂದ, ಕೈತೊಳೆದಲ್ಲಿಂದ ಅಲ್ಲ. ಪರೀಕ್ಷೆ ಎಂಬ ಹೆದರಿಕೆಗೆ ಅರ್ಧ ದೋಸೆ ತಿಂದು ಹೋದರೆ ಗೊತ್ತಾಗುವುದು ಅರ್ಧ ದೋಸೆಯ ಫಲಿತಾಂಶ ಮಾತ್ರ.

ಮೂರನೆಯದು ಎಚ್‌ಬಿಎ1ಸಿ. ಶೇ. 5.7ರಿಂದ 6.4 ಬಾರ್ಡರ್, 6.5 ಮತ್ತು ಮೇಲೆ ಮಧುಮೇಹ. ಇದನ್ನು ತಿಳಿಯಲು ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯನ್ನು ನೆನಪಿಸಿಕೊಳ್ಳಿ. ಭರಣಿಯ ನೀರಿನ ರುಚಿ ನೋಡಿದರೆ ಈ ಹೊತ್ತು ಉಪ್ಪು ಎಷ್ಟಿದೆ ಎಂದು ತಿಳಿಯುತ್ತದೆ. ಸೊಳೆಯನ್ನೇ ಕಚ್ಚಿದರೆ ಇಷ್ಟು ದಿನ ಅದು ಎಂಥ ಉಪ್ಪುನೀರಿನಲ್ಲಿ ಮುಳುಗಿತ್ತು ಎಂದು ತಿಳಿಯುತ್ತದೆ. ರಕ್ತದ ಕೆಂಪುಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟು ದಿನವೂ ಸುತ್ತಲಿನ ಸಕ್ಕರೆ ಅದರ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತ ಹೋಗುತ್ತದೆ. ಎಚ್‌ಬಿಎ1ಸಿ ಅಂದರೆ ಸೊಳೆಯನ್ನು ಕಚ್ಚಿ ನೋಡಿದಂತೆ, ಹಿಂದಿನ ಎರಡು ಮೂರು ತಿಂಗಳ ಸರಾಸರಿ. ಹಿಂದಿನ ದಿನ ಒಂದು ಹೊತ್ತು ಪಥ್ಯ ಮಾಡಿದರೆ ಅದು ಬದಲಾಗುವುದಿಲ್ಲ. ಆದರೆ ಇದಕ್ಕೂ ಒಂದು ದೋಷವಿದೆ. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇರುವವರಲ್ಲಿ ಅಂಕಿ ಇರುವುದಕ್ಕಿಂತ ಹೆಚ್ಚು ತೋರಬಹುದು. ಇತ್ತೀಚೆಗೆ ತುಂಬ ರಕ್ತ ಹೋಗಿದ್ದರೆ ಕಡಿಮೆ ತೋರಬಹುದು. ಹಿಮೋಗ್ಲೋಬಿನ್ ಎಷ್ಟಿದೆ ಎಂದು ಜೊತೆಗೇ ನೋಡಿಕೊಳ್ಳುವುದು ಒಳ್ಳೆಯದು.

ಗರ್ಭಿಣಿಯರಿಗೆ ಈ ಅಂಕಿಗಳನ್ನು ಹೀಗೆಯೇ ಅನ್ವಯಿಸುವಂತಿಲ್ಲ. ಅವರ ಲೆಕ್ಕವೇ ಬೇರೆ.

ಇಡೀ ರಕ್ತದಲ್ಲಿ ಒಂದು ಚಮಚ

ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತವಿದೆ. ಡೆಸಿಲೀಟರಿಗೆ 100 ಮಿಲಿಗ್ರಾಂನಂತೆ ಗುಣಿಸಿದರೆ ಒಟ್ಟು ಸಕ್ಕರೆ ಐದು ಗ್ರಾಂ, ಅಂದರೆ ಒಂದು ಟೀ ಚಮಚ. ಎರಡು ಚಮಚ ಸಕ್ಕರೆಯ ಒಂದು ಚಾಯದಲ್ಲಿ ಅದರ ಎರಡರಷ್ಟಿದೆ. ತುಂಬಿದ ಒಂದು ಬಟ್ಟಲು ಅನ್ನದಲ್ಲಿ ಹತ್ತರಷ್ಟಕ್ಕೂ ಹೆಚ್ಚು. ಇಷ್ಟೆಲ್ಲ ಬಂದರೂ ರಕ್ತದ ಸಕ್ಕರೆ ಹತ್ತು ಪಟ್ಟು ಏರುವುದಿಲ್ಲವೆಂದರೆ, ಬಂದ ಹಾಗೆಯೇ ಅದನ್ನು ಎಲ್ಲಿಗೋ ಹರಿಸುವ ಏರ್ಪಾಡು ಒಳಗಿದೆ.

ಮುರಕಲ್ಲು ಗುಡ್ಡದ ಬುಡದ ತೋಟವೊಂದನ್ನು ಊಹಿಸಿ. ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಹಗಲಿರುಳು ಸಣ್ಣಗೆ ಹರಿದು ಕೆರೆಗೆ ಬೀಳುತ್ತದೆ. ಮಳೆ ಬಂದಾಗ ಮೇಲಿನ ನೀರೂ ಸೇರುತ್ತದೆ. ಕೆರೆ ತುಂಬಿದಾಗ ತೂಬು ತೆಗೆದರೆ ನೀರು ತೋಟಕ್ಕೆ ಇಳಿಯುತ್ತದೆ. ಇಲ್ಲಿ ಕೆರೆಯೇ ರಕ್ತ, ಮಳೆಯೇ ಊಟ. ಸುರಂಗದ ಜಾಗದಲ್ಲಿರುವುದು ಯಕೃತ್ತು. ನಾವು ಉಣ್ಣದಿರುವಾಗಲೂ ಮೆದುಳಿಗೆ ಬೇಕಲ್ಲ ಎಂದು ಅದು ಸಕ್ಕರೆ ಸುರಿಸುತ್ತಲೇ ಇರುತ್ತದೆ. ತೋಟ ಅಂದರೆ ಸ್ನಾಯುಗಳು. ತೂಬು ತೆಗೆಯುವ ಆಳು ಇನ್ಸುಲಿನ್. ಅದಕ್ಕೆ ಇನ್ನೂ ಒಂದು ಕೆಲಸವಿದೆ: ಮಳೆ ಬಂದಾಗ ಸುರಂಗದ ಹರಿವನ್ನು ಸಣ್ಣ ಮಾಡುವುದು.

ತೋಟ ಮೊದಲೇ ನೀರು ಕುಡಿದು ಕೆಸರಾಗಿದ್ದರೆ ತೂಬು ತೆಗೆದೇನು ಫಲ? ಮೈಗೆ ಕೆಲಸವಿಲ್ಲದೆ ಸ್ನಾಯುಗಳಲ್ಲಿ ಹಳೆಯ ದಾಸ್ತಾನು ಖರ್ಚಾಗದೆ ಉಳಿದಾಗ, ಹೊಟ್ಟೆಯ ಒಳಗೂ ಯಕೃತ್ತಿನಲ್ಲೂ ಕೊಬ್ಬು ಕೂತಾಗ ಆಗುವುದು ಇದೇ. ಇನ್ಸುಲಿನ್ ಇದೆ, ಅದರ ಮಾತು ನಡೆಯುವುದಿಲ್ಲ. ಇದಕ್ಕೆ ಇನ್ಸುಲಿನ್ ಪ್ರತಿರೋಧ ಎನ್ನುತ್ತಾರೆ. ಮೇದೋಜೀರಕ ಗ್ರಂಥಿ ಇನ್ನಷ್ಟು ಆಳುಗಳನ್ನು ಕಳಿಸಿ ಹೇಗೋ ಸಂಭಾಳಿಸುತ್ತದೆ. ವರ್ಷಗಟ್ಟಲೆ ಹೀಗೆ ದುಡಿದು ಅದು ಸೋಲುವ ಮುಂಚಿನ ಕಾಲವೇ ಬಾರ್ಡರ್.

“ರಾತ್ರಿ ಏನೂ ತಿಂದಿಲ್ಲ, ಬೆಳಗ್ಗೆ 118 ಬಂತು” ಎಂಬ ದೂರಿಗೂ ಉತ್ತರ ಇಲ್ಲೇ ಇದೆ. ಆ ಸಕ್ಕರೆ ಊಟದ್ದಲ್ಲ, ಸುರಂಗದ್ದು.

ಬಾರ್ಡರಿನಿಂದ ಹಿಂದೆ ಬರಬಹುದೇ? ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ತೂಕವನ್ನು ಶೇ. 7ರಷ್ಟು ಇಳಿಸಿ ವಾರಕ್ಕೆ 150 ನಿಮಿಷ ನಡೆಯುವ ಗುರಿ ಕೊಟ್ಟಿದ್ದರು. ಆ ಗುಂಪಿನಲ್ಲಿ ಮಧುಮೇಹಕ್ಕೆ ತಿರುಗುವುದು ಶೇ. 58ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಇಳಿಸುವ ಮಾತ್ರೆ ಪಡೆದವರಲ್ಲಿ ಶೇ. 31. ಚೆನ್ನೈಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಹಾರ ಮತ್ತು ನಡಿಗೆಯಿಂದ ಶೇ. 28.5ರಷ್ಟು ಕಡಿಮೆಯಾಯಿತು. ಅಲ್ಲಿ ಜನರ ತೂಕ ಹೇಳಿಕೊಳ್ಳುವಷ್ಟು ಇಳಿಯದಿದ್ದರೂ ಲಾಭ ಸಿಕ್ಕಿತು. ನಮ್ಮವರ ಮೈಗೆ ಹತ್ತಿರದ್ದು ಈ ಎರಡನೆಯ ಲೆಕ್ಕ.

ತಕ್ಕಡಿಗಿಂತ ಅಳತೆ ಟೇಪು ಉಪಯೋಗಕ್ಕೆ ಬರುತ್ತದೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ನಡುವೆ, ಹೊಟ್ಟೆ ಒಳಗೆಳೆಯದೆ, ಉಸಿರು ಬಿಟ್ಟಾಗ ಅಳೆಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಒಳಗೆ ಕೊಬ್ಬು ಕೂತಿದೆ ಎಂದು ಲೆಕ್ಕ. ಸಣಕಲು ಕೈಕಾಲು, ಮುಂದೆ ಬಂದ ಹೊಟ್ಟೆ ಇರುವವರನ್ನು ತಕ್ಕಡಿ ಸುಲಭವಾಗಿ ಪಾಸು ಮಾಡಿಬಿಡುತ್ತದೆ.

ಬಟ್ಟಲಿನ ಲೆಕ್ಕ

ನೂರು ಗ್ರಾಂ ಬೆಂದ ಅನ್ನದಲ್ಲಿ ಸುಮಾರು 28 ಗ್ರಾಂ ಪಿಷ್ಟವಿದೆ, ಹೊಟ್ಟೆಯಲ್ಲಿ ಅದು ಸಕ್ಕರೆಯೇ ಆಗುತ್ತದೆ. ಮಧ್ಯಾಹ್ನ 250 ಗ್ರಾಂ ಅನ್ನ ಉಂಡರೆ 70 ಗ್ರಾಂ. ಒಂದು ದಿನ ಅಡುಗೆಮನೆಯ ತಕ್ಕಡಿಯಲ್ಲಿ ನಿಮ್ಮ ಸೌಟಿನಲ್ಲಿ ಎಷ್ಟು ಗ್ರಾಂ ಹಿಡಿಯುತ್ತದೆ ಎಂದು ತೂಗಿಬಿಟ್ಟರೆ ಆಮೇಲೆ ಸೌಟು ಎಣಿಸಿದರೆ ಸಾಕು. 250 ಉಣ್ಣುವವರು 150ಕ್ಕೆ ಇಳಿಸಿದರೆ ಅಷ್ಟಕ್ಕೇ ಐದಾರು ಚಮಚ ಸಕ್ಕರೆ ಕಡಿಮೆಯಾದಂತೆ.

ಕುಚ್ಚಲಕ್ಕಿ ಒಳ್ಳೆಯದೇ? ಬೆಳ್ತಿಗೆಗಿಂತ ಒಳ್ಳೆಯದು. ಭತ್ತವನ್ನು ಬೇಯಿಸಿ ಒಣಗಿಸುವಾಗ ಪಿಷ್ಟ ಗಟ್ಟಿಯಾಗಿ ಕೂರುತ್ತದೆ, ನಿಧಾನ ಜೀರ್ಣವಾಗುತ್ತದೆ. ತೌಡಿನಲ್ಲಿರುವ ಬಿ ಜೀವಸತ್ವಗಳ ಒಂದಷ್ಟು ಪಾಲು ಕಾಳಿನೊಳಕ್ಕೆ ಇಳಿಯುತ್ತದೆ. ಕೆಂಪು ಉಳಿದಿದ್ದರೆ ನಾರೂ ಇದೆ. ಆದರೆ ಅದನ್ನೇ ಗಂಟೆಗಟ್ಟಲೆ ಬೇಯಿಸಿ ಕರಗಿದ ಗಂಜಿ ಮಾಡಿದರೆ ಆ ಲಾಭ ಬಹುಪಾಲು ಹೋಯಿತು. ಅಗುಳು ಅಗುಳಾಗಿ ಉಳಿದ ಗಂಜಿ ಬೇರೆ, ಅಂಬಲಿಯಾದ ಗಂಜಿ ಬೇರೆ. ಮತ್ತೆ, ಕುಚ್ಚಲಕ್ಕಿ ಎಂಬ ಧೈರ್ಯಕ್ಕೆ ಎರಡು ಬಟ್ಟಲು ಉಂಡರೆ ಪ್ರಮಾಣದ ಲೆಕ್ಕದಲ್ಲಿ ಸೋಲು. ತಂಗಳನ್ನದಲ್ಲಿ ಜೀರ್ಣವಾಗದ ಪಿಷ್ಟ ಸ್ವಲ್ಪ ಹೆಚ್ಚಿರುವುದು ನಿಜ, ‘ಸ್ವಲ್ಪ’ ಎಂಬುದನ್ನು ಮರೆಯಬಾರದು. ನಮ್ಮ ಸೆಕೆಗೆ ಹೊರಗಿಟ್ಟ ಅನ್ನದಲ್ಲಿ ವಾಂತಿಭೇದಿ ತರುವ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ. ಬೇಗ ಆರಿಸಿ ಫ್ರಿಜ್ಜಿನಲ್ಲಿಡಬೇಕು.

ಇನ್ನು ‘ರಾತ್ರಿಗೆ ಚಪಾತಿ’. ಶುಗರ್ ಎಂದು ಗೊತ್ತಾದ ಮರುದಿನ ಎಲ್ಲರ ಮನೆಯಲ್ಲೂ ಇದು ಶುರುವಾಗುತ್ತದೆ. 30 ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ ಸುಮಾರು 20 ಗ್ರಾಂ ಪಿಷ್ಟ. ನಾಲ್ಕು ತಿಂದರೆ 80, ಬಿಟ್ಟ ಅನ್ನಕ್ಕಿಂತ ಹೆಚ್ಚು! ಎರಡು ಚಪಾತಿ, ಜೊತೆಗೆ ದೊಡ್ಡ ಬಟ್ಟಲು ಪಲ್ಯ ಎಂದಾದರೆ ಮಾತ್ರ ಈ ಬದಲಾವಣೆಗೆ ಅರ್ಥ. ರಾಗಿಯದೂ ಹೀಗೆ. ಕ್ಯಾಲ್ಸಿಯಂಗೆ ರಾಗಿ ಒಳ್ಳೆಯದು, ಆದರೆ ನುಣ್ಣಗೆ ಅರೆದು ಬೆಲ್ಲ ಹಾಕಿ ಕಾಸಿದ ರಾಗಿ ಮಣ್ಣಿ ಸಿಹಿತಿಂಡಿಯೇ. ಬೆಲ್ಲ, ಜೇನು, ಸಕ್ಕರೆ ಮೂರಕ್ಕೂ ರಕ್ತದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ಅನ್ನ ಕಡಿಮೆ ಮಾಡಿದ ಜಾಗ ಖಾಲಿ ಬಿಟ್ಟರೆ ನಾಲ್ಕು ಗಂಟೆಗೆ ಬೇಕರಿ ಕರೆಯುತ್ತದೆ. ಪಥ್ಯ ಮುರಿಯುವುದು ಹೆಚ್ಚಾಗಿ ಇಲ್ಲಿಯೇ. ಆದ್ದರಿಂದ ಬಟ್ಟಲನ್ನು ಹೀಗೆ ಭಾಗ ಮಾಡಿ: ಅರ್ಧ ತರಕಾರಿ, ಕಾಲು ಪ್ರೋಟೀನು, ಕಾಲು ಅನ್ನ. ನಮ್ಮ ಊಟದಲ್ಲಿ ಪಲ್ಯ ಎಲೆಯ ತುದಿಯಲ್ಲಿ ಒಂದು ಚಮಚ ಇರುತ್ತದೆ, ಬದಲಾಗಬೇಕಾದ್ದು ಅದು. ಬಸಳೆ, ಹರಿವೆ, ತೊಂಡೆ, ಅಲಸಂಡೆ, ಹಾಗಲ, ಬಾಳೆದಿಂಡು, ಎಳೆ ಗುಜ್ಜೆ, ಇವೆಲ್ಲ ತರಕಾರಿಯ ಪಾಲಿಗೆ. ಬಟಾಟೆ, ಮರಗೆಣಸು, ಬಲಿತ ಬಾಳೆಕಾಯಿ ಅನ್ನದ ಪಾಲಿಗೆ. ಮರಗೆಣಸಿನ ಪಲ್ಯ ಹಾಕಿಕೊಂಡ ದಿನ ಅನ್ನ ಅರ್ಧ ಸೌಟು ತೆಗೆಯಬೇಕು.

ಪ್ರೋಟೀನು ದಿನಕ್ಕೆ ಮೈತೂಕದ ಕಿಲೋಗೆ ಸುಮಾರು 0.8 ಗ್ರಾಂ ಬೇಕು, 60 ಕಿಲೋದವರಿಗೆ 50 ಗ್ರಾಂನ ಆಸುಪಾಸು. ನೂರು ಗ್ರಾಂ ಬಂಗುಡೆಯಲ್ಲಿ ಹತ್ತಿರ ಹತ್ತಿರ 20 ಗ್ರಾಂ, ಒಂದು ಮೊಟ್ಟೆಯಲ್ಲಿ 6. ಬೂತಾಯಿ, ಬಂಗುಡೆ ಎರಡರಲ್ಲೂ ಹೃದಯಕ್ಕೆ ಹಿತವಾದ ಕೊಬ್ಬಿದೆ. ಪುಳಿಮುಂಚಿ ಮಾಡಿದರೆ ಅದು ಉಳಿಯುತ್ತದೆ, ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಲೆಕ್ಕ ಬೇರೆ. ಸಸ್ಯಾಹಾರಿಗಳ ಮನೆಗಳಲ್ಲಿ ತೊಡಕು ಹೆಚ್ಚು. ಸಾರಿಗೆ ಬೇಳೆ ಹಾಕಿದ್ದೇವಲ್ಲ ಎನ್ನುತ್ತಾರೆ, ಸೌಟಿನಲ್ಲಿ ತಳ ಕಲಕಿ ನೋಡಿದರೆ ಬೇಳೆಗಿಂತ ನೀರೇ ಹೆಚ್ಚು. 30 ಗ್ರಾಂ ಒಣ ಹೆಸರು ಅಥವಾ ಹುರುಳಿಯಲ್ಲಿ 7 ಗ್ರಾಂನಷ್ಟು ಪ್ರೋಟೀನು ಇದೆ. ಒಂದು ಹಿಡಿ ನೆನೆಸಿ ಬೇಯಿಸಿ ಉಸುಲಿಯಂತೆ ಮಾಡಿ, ಮಧ್ಯಾಹ್ನಕ್ಕೊಂದು ಬಟ್ಟಲು, ರಾತ್ರಿಗೊಂದು.

ಬೆಳಗ್ಗಿನ ತಿಂಡಿಯಲ್ಲಿಯೂ ಜೊತೆ ಏನಿದೆ ಎಂಬುದೇ ಮುಖ್ಯ. ಪುಟ್ಟಿಗೆ ಬಾಳೆಹಣ್ಣು, ಸಕ್ಕರೆ ಹಾಕಿದರೆ ಸಕ್ಕರೆಯ ಮೇಲೆ ಸಕ್ಕರೆ. ಅದೇ ಪುಟ್ಟಿಗೆ ಕಡಲೆ ಗಸಿ ಹಾಕಿದರೆ ನಾರು, ಪ್ರೋಟೀನು ಎರಡೂ ಬಂದು ಏರಿಕೆ ನಿಧಾನವಾಗುತ್ತದೆ. ನೀರುದೋಸೆ ತೆಳ್ಳಗಿರುವುದರಿಂದ ಲೆಕ್ಕ ತಪ್ಪುವುದು ಸುಲಭ, ಆರೇಳು ಒಳಗೆ ಹೋದದ್ದೇ ಗೊತ್ತಾಗುವುದಿಲ್ಲ.

ಉಣ್ಣುವ ಕ್ರಮಕ್ಕೂ ಫಲವಿದೆ. ಮೊದಲು ಪಲ್ಯ, ಕಾಳು ಅಥವಾ ಮೀನು, ಆಮೇಲೆ ಅನ್ನ. ನಾರು, ಪ್ರೋಟೀನು ಮೊದಲು ಹೋದರೆ ಜಠರ ನಿಧಾನ ಖಾಲಿಯಾಗುತ್ತದೆ. ಅದೇ ಊಟ, ಅಷ್ಟೇ ಪ್ರಮಾಣ, ಆದರೂ ರಕ್ತದಲ್ಲಿ ಏರಿಕೆ ಕಡಿಮೆ.

ಚಾಯ: ದಿನಕ್ಕೆ ನಾಲ್ಕು, ಒಂದಕ್ಕೆ ಎರಡು ಚಮಚ ಎಂದರೆ 32ರಿಂದ 40 ಗ್ರಾಂ ಸಕ್ಕರೆ. ಹೋಟೆಲಿನಲ್ಲಿ ‘ವಿತೌಟ್’ ಎಂದು ಹೇಳಿದರೆ ನಮ್ಮೂರಲ್ಲಿ ಯಾರೂ ವಿವರಣೆ ಕೇಳುವುದಿಲ್ಲ. ಒಮ್ಮೆಲೇ ಬಿಟ್ಟರೆ ಕಹಿ ಎನಿಸಬಹುದು. ವಾರಕ್ಕೆ ಅರ್ಧ ಚಮಚದಂತೆ ಇಳಿಸಿದರೆ ಒಂದು ತಿಂಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ಊಟವಾದ ಮೇಲಿನ ಹದಿನೈದು ನಿಮಿಷ

ಸ್ನಾಯು ಸಂಕುಚಿಸುವಾಗ ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ತಾನೇ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ತೂಬಿನ ಹಂಗಿಲ್ಲದೆ ತೋಟಕ್ಕೆ ಇನ್ನೊಂದು ಕಣಿ ತೋಡಿದಂತೆ. ಉಂಡು ಒಂದರಿಂದ ಒಂದೂವರೆ ಗಂಟೆಗೆ ಸಕ್ಕರೆ ಶಿಖರ ಮುಟ್ಟುವುದರಿಂದ, ಅರ್ಧ ಗಂಟೆಯೊಳಗೆ ಎದ್ದು ಹತ್ತರಿಂದ ಹದಿನೈದು ನಿಮಿಷ ನಡೆಯುವುದಕ್ಕೆ ಬೆಲೆ ಹೆಚ್ಚು. ರಾತ್ರಿ ಊಟ ಮಾಡಿ ನೇರ ಹಾಸಿಗೆಗೆ ಹೋಗುವವರು ಮೊದಲು ಹಿಡಿಯಬೇಕಾದ ಅಭ್ಯಾಸ ಇದು.

ವಾರಕ್ಕೆ 150 ನಿಮಿಷದ ನಡಿಗೆ ಬಿರುಸಾಗಿರಬೇಕು. ಎಷ್ಟು ಬಿರುಸು? ತಾಳಮದ್ದಳೆಯ ಅರ್ಥ ಹೇಳಬಹುದು, ಭಾಗವತಿಕೆ ಮಾಡಲಾಗದು ಎನ್ನುವಷ್ಟು. ನಡೆಯುತ್ತ ಪದ ಹಾಡಬಲ್ಲಿರಾದರೆ ವೇಗ ಸಾಲದು, ಒಂದು ವಾಕ್ಯ ಮುಗಿಸಲೂ ಏದುಸಿರಾದರೆ ಹೆಚ್ಚಾಯಿತು. ಜೂನಿನಿಂದ ನಾಲ್ಕು ತಿಂಗಳು ಮಳೆಯಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ನಡೆದು ಸೊಂಟ ಮುರಿದುಕೊಳ್ಳುವುದು ಬೇಡ. ಜಗಲಿಯಲ್ಲೇ ಆ ತುದಿಯಿಂದ ಈ ತುದಿಗೆ ನಡೆದರೂ ಸ್ನಾಯುವಿಗೆ ವ್ಯತ್ಯಾಸ ತಿಳಿಯುವುದಿಲ್ಲ.

“ದಿನವಿಡೀ ತೋಟದಲ್ಲಿರುತ್ತೇನೆ, ನನಗೆ ವ್ಯಾಯಾಮ ಯಾಕೆ?” ಎಂಬುದು ನ್ಯಾಯವಾದ ಪ್ರಶ್ನೆ. ಹಿಂದೆ ಏತ, ಅಗತೆ, ತಲೆಹೊರೆ ಇದ್ದಾಗ ಬೇಕಿರಲಿಲ್ಲ. ಈಗ ಪಂಪು, ಸ್ಪ್ರಿಂಕ್ಲರು, ಹುಲ್ಲು ಕತ್ತರಿಸುವ ಯಂತ್ರ ಬಂದಿವೆ, ತೋಟದ ಬಹುಪಾಲು ಹೊತ್ತು ನಿಲ್ಲುವುದರಲ್ಲೇ ಕಳೆಯುತ್ತದೆ. ಬೀಡಿ ಕಟ್ಟುವ ಹೆಂಗಸರು, ಅಡಿಕೆ ಸುಲಿಯುವವರು ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕೂರುತ್ತಾರೆ. ಅವರು ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡಿದರೂ ಪ್ರಯೋಜನವಿದೆ.

ನಡಿಗೆಯಿಂದ ಸಿಗದ ಒಂದು ಲಾಭ ಸ್ನಾಯು ಬೆಳೆಸುವುದರಲ್ಲಿದೆ, ಯಾಕೆಂದರೆ ತೋಟ ದೊಡ್ಡದಾದರೆ ಹಿಡಿಸುವ ನೀರೂ ಹೆಚ್ಚು. ಕೈ ಇಲ್ಲದ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಪಾದಗಳ ನಡುವೆ ಭುಜದಷ್ಟು ಅಂತರ, ಕೈ ಎದೆಯ ಮೇಲೆ. ಎರಡು ಎಣಿಸುವಷ್ಟರಲ್ಲಿ ಎದ್ದು ನಾಲ್ಕು ಎಣಿಸುತ್ತ ಕೂರಿ. ಹತ್ತು ಸಲ ಮಾಡಿ, ಒಂದು ನಿಮಿಷ ವಿಶ್ರಾಂತಿ, ಹೀಗೆ ಮೂರು ಸುತ್ತು. ಆಮೇಲೆ ಗೋಡೆಗೆ ಕೈಯೂರಿ ದಂಡ ಹೊಡೆದಂತೆ ಹತ್ತರ ಎರಡು ಸುತ್ತು. ವಾರಕ್ಕೆ ಎರಡು ಮೂರು ದಿನ, ನಡುವೆ ಒಂದು ದಿನ ಬಿಡುವು. ಧೊಪ್ಪನೆ ಕೂತರೆ ಅರ್ಧ ಲಾಭ ಹೋಯಿತು. ಉಸಿರು ಕಟ್ಟಿದರೆ ಬಿಪಿ ಏರುತ್ತದೆ, ಏಳುವಾಗ ಉಸಿರು ಬಿಡಬೇಕು. ಮೊಣಕಾಲು ನೋಯುವವರು ಕುರ್ಚಿಗೆ ದಿಂಬು ಹಾಕಿ ಎತ್ತರ ಮಾಡಿಕೊಳ್ಳಲಿ.

ನಿದ್ದೆ ಮತ್ತು ತಲೆಬಿಸಿ

ನಿದ್ದೆಗೆಟ್ಟ ಮರುದಿನ ಇನ್ಸುಲಿನ್ನಿನ ಮಾತು ಇನ್ನೂ ಕಡಿಮೆ ನಡೆಯುತ್ತದೆ, ಹಸಿವು ಹೆಚ್ಚುತ್ತದೆ, ಅದೂ ಸಿಹಿ ಮತ್ತು ಕರಿದದ್ದಕ್ಕೆ. ವರ್ಷಕ್ಕೆ ಹತ್ತು ರಾತ್ರಿ ಯಕ್ಷಗಾನ ಆಟ ನೋಡಿದರೆ ಏನೂ ಆಗದು. ನಸುಕಿಗೆ ರಬ್ಬರು ಟ್ಯಾಪಿಂಗಿಗೆ ಏಳುವವರು ಹನ್ನೊಂದರ ತನಕ ಮೊಬೈಲು ನೋಡಿದರೆ ದಿನವೂ ಸಾಲ ಬೆಳೆಯುತ್ತದೆ. ಏಳು ಗಂಟೆ ನಿದ್ದೆ ಆಗುವಂತೆ ಮಲಗುವ ಹೊತ್ತನ್ನು ಹಿಂದಕ್ಕೆ ಎಣಿಸಿಕೊಳ್ಳಬೇಕು. ಚಿಂತೆ, ಸಿಟ್ಟು, ಹೆದರಿಕೆಯಲ್ಲಿ ಬರುವ ಕಾರ್ಟಿಸೋಲ್, ಅಡ್ರಿನಲಿನ್ ಹಾರ್ಮೋನುಗಳು ಯಕೃತ್ತಿಗೆ ‘ಸಕ್ಕರೆ ಬಿಡು’ ಎನ್ನುತ್ತವೆ. ತಲೆಬಿಸಿಯಲ್ಲಿ ಶುಗರ್ ಏರುವುದು ಬರೀ ಮಾತಲ್ಲ.

ಮೂರನೇ ವಾರ ಬಿಟ್ಟುಹೋಗುವುದು ಯಾಕೆ

ಮೊದಲ ದಿನ ಅನ್ನ, ಸಕ್ಕರೆ, ಎಣ್ಣೆ ಎಲ್ಲ ಬಿಟ್ಟು ಐದು ಕಿಲೋಮೀಟರ್ ನಡೆದವರು ಮೂರನೇ ವಾರಕ್ಕೆ ಒಂದು ಮದುವೆಯೂಟದಲ್ಲಿ ಎಲ್ಲವನ್ನೂ ಬಿಡುತ್ತಾರೆ. ಮನಸ್ಸು ಗಟ್ಟಿ ಇಲ್ಲ ಎಂದು ತಮ್ಮನ್ನೇ ಬಯ್ದುಕೊಳ್ಳುತ್ತಾರೆ. ಮನಸ್ಸಿನ ಬಲ ಎಲ್ಲ ಹೊತ್ತೂ ಒಂದೇ ತೆರನಾಗಿರುವುದಿಲ್ಲ, ಅಭ್ಯಾಸವಾದದ್ದಕ್ಕೆ ಆ ಬಲ ಬೇಕಾಗುವುದಿಲ್ಲ. ಅಭ್ಯಾಸ ಕೂರುವುದು ಈಗಾಗಲೇ ನಡೆಯುವ ಕೆಲಸಕ್ಕೆ ಅದನ್ನು ಕಟ್ಟಿದಾಗ. ‘ದಿನಾ ನಡೆಯುತ್ತೇನೆ’ ಎನ್ನುವುದು ಉಳಿಯದು. ‘ರಾತ್ರಿ ಕೈತೊಳೆದು ಬಟ್ಟಲು ಇಟ್ಟ ಕೂಡಲೇ ಚಪ್ಪಲಿ ಮೆಟ್ಟುತ್ತೇನೆ’ ಎನ್ನುವುದು ಉಳಿಯುತ್ತದೆ. ಎರಡು ವಾರಕ್ಕೆ ಒಂದೇ ಬದಲಾವಣೆ ಸಾಕು: ಮೊದಲು ಚಾಯ, ಆಮೇಲೆ ಅನ್ನದ ಸೌಟು, ಆಮೇಲೆ ನಡಿಗೆ. ಮದುವೆ, ಕೋಲ, ಪೆರ್ನಾಳುಗಳ ದಿನ ಉಂಡು ಬನ್ನಿ, ಮರುದಿನ ಬೆಳಗ್ಗೆ ಮೊದಲಿನ ಕ್ರಮಕ್ಕೆ ಬನ್ನಿ. ಒಂದು ದಿನ ತಪ್ಪಿದರೆ ಏನಿಲ್ಲ, ಎರಡನೇ ದಿನವೂ ತಪ್ಪಿದರೆ ಅದೇ ಹೊಸ ಅಭ್ಯಾಸ.

ಒಬ್ಬರಿಗಾಗಿ ಬೇರೆ ಅಡುಗೆ ಮಾಡುವ ಮನೆಗಳಲ್ಲಿ ಪಥ್ಯ ಬೇಗ ಮುರಿಯುತ್ತದೆ. ಈ ಬಟ್ಟಲು ಮನೆಮಂದಿಗೆಲ್ಲ ಆಗುವಂಥದ್ದೇ.

ಈಗಾಗಲೇ ಮಾತ್ರೆ ತೆಗೆದುಕೊಳ್ಳುವವರಿಗೆ

ಮೇಲಿನದೆಲ್ಲ ಬಾರ್ಡರಿನವರಿಗೆ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳದೆ ಅನ್ನ ಅರ್ಧ ಮಾಡಿ ನಡಿಗೆ ಶುರು ಮಾಡಿದರೆ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಕೈ ನಡುಕ, ಬೆವರು, ಎದೆ ಡವಡವ, ಮಾತು ತೊದಲುವುದು ಇದರ ಲಕ್ಷಣ. ಕೂಡಲೇ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಹಾಗಲದ ರಸ, ಮೆಂತೆ ನೀರು ಕುಡಿಯುತ್ತಿದ್ದೇವೆಂದು ಮಾತ್ರೆ ನಿಲ್ಲಿಸುವುದು ಇದರ ಎದುರು ತುದಿಯ ತಪ್ಪು.

ಮತ್ತೆ ಯಾವಾಗ ನೋಡಬೇಕು

ಎಚ್‌ಬಿಎ1ಸಿಯನ್ನು ಮೂರು ತಿಂಗಳಿಗೆ ಮುಂಚೆ ಮಾಡಿಸಿದರೆ ಹಳೆಯ ಕೆಂಪುಕಣಗಳೇ ಇನ್ನೂ ಉಳಿದಿರುತ್ತವೆ. ಮೂರು ತಿಂಗಳಿಗೊಮ್ಮೆ ನೋಡಿ, ಇಳಿದು ನಿಂತರೆ ಆಮೇಲೆ ವರ್ಷಕ್ಕೊಮ್ಮೆ ಸಾಕು. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಕಾಯದೆ ಹೋಗಬೇಕು.

ಮನೆಯ ಗ್ಲೂಕೋಮೀಟರು ದಾರಿ ನೋಡಿಕೊಳ್ಳಲು ಒಳ್ಳೆಯದು, ಕಾಯಿಲೆ ಇದೆ ಇಲ್ಲ ಎಂದು ತೀರ್ಮಾನಿಸಲು ಅಲ್ಲ. 100 ಮೇಲಿನ ಅಂಕಿಗಳಲ್ಲಿ ಶೇ. 15ರಷ್ಟು ಹೆಚ್ಚುಕಡಿಮೆ ತೋರಿದರೂ ಅದು ನಿಯಮದೊಳಗೇ ಇದೆ. ನಿಜವಾದ 120 ಒಮ್ಮೆ 105, ಇನ್ನೊಮ್ಮೆ 135 ಎಂದು ತೋರಬಹುದು. ಬಾಟಲಿಯ ಮುಚ್ಚಳ ಸರಿಯಾಗಿ ಹಾಕದಿದ್ದರೆ ಮಳೆಗಾಲದ ತೇವಕ್ಕೆ ಸ್ಟ್ರಿಪ್ಪು ಕೆಡುತ್ತದೆ. ಚುಚ್ಚುವ ಮುಂಚೆ ಸಾಬೂನು ಹಾಕಿ ಕೈ ತೊಳೆದು ಚೆನ್ನಾಗಿ ಒರೆಸಿ. ಹಲಸಿನ ಹಣ್ಣು ಬಿಡಿಸಿದ ಬೆರಳಿನಿಂದ ರಕ್ತ ತೆಗೆದರೆ ಮೀಟರು ತೋರಿಸುವುದು ಹಣ್ಣಿನ ಸಕ್ಕರೆಯನ್ನೂ ಸೇರಿಸಿಯೇ.